ಬಂದಾಗ

ಕುಮಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಬದಿಗೆ
ಮೂವತ್ತೊಂದು ವರ್ಷದಿಂದ ನನ್ನದೊಂದು ಮೇಜು.
ಊರವರ ಬಾಯಿಮಾತನ್ನು ಛಾಪಾ ಕಾಗದಕ್ಕೆ ಇಳಿಸುವಾಗ
ನಾನು ತಿದ್ದಿದ್ದೆಲ್ಲ ಬರೀ ಕ್ರಿಯಾಪದ.

ಕಲಿಯಲು ಬಂದ ಹುಡುಗರಿಗೆ ಹೇಳುತ್ತೇನೆ:
‘ತಾಯಿ ಸತ್ತಾಗ ಮಗಳಿಗೆ’ ಎಂದು ಬರೆದಿರೋ
ಮಗಳ ಹಕ್ಕು ಇವತ್ತೇ ಹುಟ್ಟಿತು,
ಕೈಗೆ ಸಿಗುವುದು ಮಾತ್ರ ಆಮೇಲೆ.
ನಡುವೆ ಮಗಳೇ ತೀರಿಕೊಂಡರೂ ಹಕ್ಕು ಸಾಯದು,
ವಾರಸುದಾರರ ಹೆಗಲೇರಿ ಕೂರುತ್ತದೆ.
ಸಾವಿಗೆ ಶರತ್ತಿಲ್ಲವಲ್ಲ, ಅದಕ್ಕೆ.
‘ಮದುವೆಯಾದರೆ’, ‘ಕುಡಿತ ಬಿಟ್ಟರೆ’ ಎಂದಿರೋ
ಹಕ್ಕು ಇನ್ನೂ ಹುಟ್ಟೇ ಇಲ್ಲ,
ಹುಟ್ಟೀತು ಎಂಬ ಸುದ್ದಿ ಇದೆ, ಅಷ್ಟೆ.
ಪುಸ್ತಕ ಒಂದನ್ನು ನಿಹಿತ ಎನ್ನುತ್ತದೆ, ಇನ್ನೊಂದನ್ನು ಸಂಭವಾಧೀನ.
ನನ್ನ ಮೇಜಿಗೆ ಅವು
ಒಂದು ‘ಗ’, ಒಂದು ‘ರೆ’.

ಮಾಣಿಕಟ್ಟೆಯ ಬೊಮ್ಮು ಪಟಗಾರ ಬಂದದ್ದು
ಕಗ್ಗದ ಬಿತ್ತನೆ ಮುಗಿದ ವಾರ,
ಉಗುರ ಸಂದಿಯಲ್ಲಿ ಗಜನಿಯ ಕಪ್ಪು ಕೆಸರು.
ಇಪ್ಪತ್ತೆರಡು ಗುಂಟೆ.
ಹೆಂಡತಿ ಸೋಮಿಗೆ ಹಯಾತಿ ಇರುವ ತನಕ
ಪೈರು, ಸಿಗಡಿ, ಏಡಿ, ಕಟ್ಟೆಯ ಮೇಲಿನ ಹುಲ್ಲು.
ಅವಳ ನಂತರ ಅರ್ಧ ಮಗಳು ಮಂಕಾಳಿಗೆ.
ಇನ್ನರ್ಧ —
‘ನಮ್ಮ ಜಟ್ಟು ಬಂದಾಗ, ಅವನಿಗೆ.’

ಜಟ್ಟು ತದಡಿಯಿಂದ ಟ್ರಾಲರ್ ಹತ್ತಿ
ಐದು ವರ್ಷ ಕಳೆದಿತ್ತು.
ಎರಡು ಹಲಗೆ ಸಿಕ್ಕಿದ್ದವು, ಒಂದು ಐಸಿನ ಪೆಟ್ಟಿಗೆ.
ಜನ ಸಿಕ್ಕಿರಲಿಲ್ಲ.

ಪೆನ್ನು ಎತ್ತಿ ಹಿಡಿದೆ:
‘ಬಂದರೆ ಎಂದು ಹಾಕೋಣ ಬೊಮ್ಮು,
ಬಾರದಿದ್ದರೆ ಯಾರಿಗೆ, ಅದನ್ನೂ ಹೇಳು.’
ಮುದುಕ ನನ್ನನ್ನು ನೋಡಿದ,
ನಾನು ಅವನ ಅಂಗಳದಲ್ಲಿ ಉಗುಳಿದ ಹಾಗೆ.
‘ಶಾನಭಾಗ್ರೆ, ಭರತ ಬಂದಾಗ ಹಲಗೆ ಇಳಿಸು ಅಂತೇವೆ ನಾವು.
ಬಂದರೆ ಇಳಿಸು ಅಂದವ್ನ ಗದ್ದೆ ಉಳಿದೀತಾ?’

ಭರತಕ್ಕೆ ಪಂಚಾಂಗ ಉಂಟು, ನಿನ್ನ ಮಗನಿಗಿಲ್ಲ
ಎನ್ನಬೇಕೆಂದಿದ್ದೆ. ಗಂಟಲಲ್ಲೇ ಉಳಿಯಿತು.
ಬರೆದೆ, ಅವನು ಹೇಳಿದ ಹಾಗೆಯೇ.
ಬರವಣಿಗೆಯ ಕೂಲಿ ಇನ್ನೂರು.
ಚಹಾ ಅವನೇ ಕೊಡಿಸಿದ.

ಬೊಮ್ಮು ಆ ದೀಪಾವಳಿ ದಾಟಲಿಲ್ಲ.
ಮರುವರ್ಷ ಇಲಿಜ್ವರ, ಎಂಟೇ ದಿನ, ಮಂಕಾಳಿ.
ತಾಯಿ ಬದುಕಿರುವಾಗಲೇ ಹೋದಳು,
ಒಂದು ಮುಷ್ಟಿ ಮಣ್ಣನ್ನೂ ಮುಟ್ಟದ ಅವಳ ಹಕ್ಕು
ಗಂಡನಿಗಿಷ್ಟು, ಮೂರನೇ ಇಯತ್ತೆಯ ಮಗನಿಗಿಷ್ಟು
ಸದ್ದಿಲ್ಲದೆ ಹರಿದು ಹೋಯಿತು.
ಮಾಣಿ ಶಾಲೆಗೆ ಹೋಗುತ್ತಾನೆ,
ಚೀಲದಲ್ಲಿ ಏನೇನಿದೆಯೆಂದು ಗೊತ್ತಿಲ್ಲದೆ.

ಗಂಡ ಹಮ್ಮಣ್ಣ ಮಾತ್ರ ಬಲ್ಲವ.
ಜಟ್ಟು ಹೋಗಿ ಏಳು ವರ್ಷ ತುಂಬಿದ್ದೇ
ಉಳಿದರ್ಧಕ್ಕೂ ದಾವೆ ಹೂಡಿದ.
ನನ್ನನ್ನು ಸಾಕ್ಷಿಗೆ ಕರೆದರು.
‘ಮೃತ್ಯುಪತ್ರ ಬರೆಸುವಾಗ ಮೃತನ ಮನಸ್ಸಿನಲ್ಲಿ ಏನಿತ್ತು?’
‘ಪಂಚಾಂಗ ಇತ್ತು’ ಎಂದೆ.
ಅದನ್ನು ಬರೆದುಕೊಳ್ಳಲಿಲ್ಲ.

ತೀರ್ಪು ಹದಿನಾಲ್ಕು ಪುಟ. ಹನ್ನೊಂದನೆಯದರಲ್ಲಿ ಇದು:
‘ಬಂದಾಗ ಎಂಬ ಪದವನ್ನು
ಬಂದರೆ ಎಂದೇ ಓದಿಕೊಳ್ಳತಕ್ಕದ್ದು.’
ಸರಿಯಾಗಿಯೇ ಇದೆ. ನಾನೂ ಹಾಗೇ ತೀರ್ಪು ಕೊಡುತ್ತಿದ್ದೆ.
ಆದರೆ ಪಹಣಿಯ ಇತರೆ ಹಕ್ಕುಗಳ ಕಾಲಮ್ಮಿನಲ್ಲಿ
ಜಟ್ಟು ಬೊಮ್ಮು ಪಟಗಾರ ಇನ್ನೂ ಇದ್ದಾನೆ.
ತಲಾಠಿ ರಜೆಯ ಮೇಲಿದ್ದಾನಂತೆ.

ನಿನ್ನೆ ರಾತ್ರಿ ಕೂತು ಎರಡೂ ಮಾತನ್ನು ಬಿಡಿಸಿ ನೋಡಿದೆ.
‘ಗ’ ಕಳಚಿದೆ, ‘ರೆ’ ಕಳಚಿದೆ.
ಎರಡರ ಅಡಿಯಲ್ಲೂ ಉಳಿದದ್ದು ಒಂದೇ: ಬಂದ.
ಮೂವತ್ತೊಂದು ವರ್ಷ ಬರೆದೂ ಇದು ಕಂಡಿರಲಿಲ್ಲ.
ಯಾವ ಅಪೀಲಿಗೆ ಹಾಕಲಿ ಇದನ್ನು?

ಸೋಮಿಗೆ ತೀರ್ಪು ಓದಿ ಹೇಳಲು
ಗಜನಿಯ ಕಟ್ಟೆ ಹಿಡಿದು ಹೋದೆ.
‘ನನ್ನ ಹಯಾತಿ ಅಂತೂ ಉಂಟಲ್ಲ’ ಎಂದಳು,
ತಲೆ ಎತ್ತಲಿಲ್ಲ.
ಎರಡೂ ಅರ್ಧಕ್ಕೆ ಒಂದೇ ಬೀಜ ಚೆಲ್ಲಿದ್ದಳು.
ಹಲಗೆಯ ಸಂದಿಗೆ ಹುಲ್ಲು ತುರುಕುತ್ತಿದ್ದಳು.
ನಾಡಿದ್ದು ಹುಣ್ಣಿಮೆ.